ನೂರು ಅಕ್ಷರದಾಚೆಯ ನಗು

ಮಾನ್ಯ ನರ್ಸಮ್ಮ,

ನಿಮ್ಮನ್ನು ನಾನು ನೋಡಿಲ್ಲ. ಪಾಳಿ ಬದಲಾದ ಮೇಲೆ ನನ್ನ ತಂಗಿಯ ಹಾಸಿಗೆ ನಿಮ್ಮ ಪಾಲಿಗೆ ಬರುತ್ತದಂತೆ. ಅವಳಿಗೆ ಈಗ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಚೇತರಿಕೆಯ ಕೋಣೆಗೆ ನಮ್ಮನ್ನು ಬಿಡುವುದಿಲ್ಲ. ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗುವುದೆಂದು ತಿಳಿಯದು.

ಅವಳು ಹುಟ್ಟಿದಾಗಿನಿಂದ ಮಾತಾಡಿಲ್ಲ. ನೋವಾದರೆ ನಗುತ್ತಾಳೆ. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡು ಬಿದ್ದು ಬಿದ್ದು ನಕ್ಕಳು. ಪಕ್ಕದ ಮನೆಯವರೂ ಸೇರಿ ನಕ್ಕರು. ಅಮ್ಮ ಓಡಿ ಬಂದು ಬಾಗಿಲು ತೆಗೆಯುವವರೆಗೆ ಯಾರಿಗೂ ತಿಳಿಯಲಿಲ್ಲ.

ಇದನ್ನೆಲ್ಲ ಅಮ್ಮ ನಿಮ್ಮ ದಾಖಲಾತಿ ಕೌಂಟರಿನಲ್ಲಿ ಹೇಳಿ ಬರೆಸಿದ್ದಾಳೆ. ಆದರೆ ವಾರ್ಡಿನ ಕಂಪ್ಯೂಟರ್ ಪರದೆಯಲ್ಲಿ ಉಳಿದಿರುವ ಕೊನೆಯ ಮಾತು ಇಷ್ಟೇ: ‘ಚೆನ್ನಾಗಿ ನಗುತ್ತಾಳೆ. ನಗು ಕೇಳಿಸಿದರೆ’. ಅಲ್ಲಿಗೆ ಮುಗಿಯಿತು.

ಇದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ, ರೋಗಿಗಳ ವಿವರ ಕೂಡಿಡುವ ಡೇಟಾಬೇಸಿನ ಟೇಬಲ್ಲುಗಳನ್ನು ಕಟ್ಟುವುದು. ನಿನ್ನೆ ದಿನವಿಡೀ ಹುಡುಕಿದೆ. ಪರದೆಯ ಮೇಲಿನ ಪೆಟ್ಟಿಗೆ ಎಷ್ಟು ಬೇಕಾದರೂ ಬರೆಸಿಕೊಳ್ಳುತ್ತದೆ. ಅದರ ಹಿಂದೆ ಬರೆದದ್ದನ್ನು ಕೂಡಿಡುವ ಖಾನೆ, ಅಂದರೆ ಫೀಲ್ಡು, ನೂರು ಅಕ್ಷರ ಇಟ್ಟುಕೊಂಡು ಮಿಕ್ಕಿದ್ದನ್ನು ಸದ್ದಿಲ್ಲದೆ ನುಂಗುತ್ತದೆ. ಒಲ್ಲೆ ಎಂದಿದ್ದರೆ ಬರೆದವರಿಗಾದರೂ ಗೊತ್ತಾಗುತ್ತಿತ್ತು. ಹಿಗ್ಗಿಸಲು ಹೋದೆ. ಒಬ್ಬ ರೋಗಿಗಿರುವ ಒಂದು ಸಾಲು ಹೊರುವ ಭಾರಕ್ಕೂ ಮಿತಿಯಿದೆ ಎಂದು ಟೇಬಲ್ಲು ಮುನಿಸಿಕೊಂಡಿತು. ಯಾರೂ ತುಂಬದ ವಿಳಾಸದ ಫೀಲ್ಡುಗಳೇ ಜಾಗವನ್ನೆಲ್ಲ ಹಿಡಿದು ಕೂತಿವೆ.

“ಹಾಸಿಗೆ ಇದ್ದಷ್ಟು ಕಾಲು ಚಾಚಿ ಮೇಡಂ,” ಎಂದರು ನಮ್ಮ ಮುಖ್ಯಸ್ಥರು. “ಆಸ್ಪತ್ರೇಲಿ ಆಡೋ ಮಾತೇನ್ರೀ ಇದು? ಹಾಸಿಗೆ ಉದ್ದ ಮಾಡ್ಸಿ,” ಎಂದೆ. ಟಿಪ್ಪಣಿಗಳಿಗೇ ಬೇರೊಂದು ಟೇಬಲ್ಲು ಕಟ್ಟಿ, ರೋಗಿಯ ಸಂಖ್ಯೆಯೊಂದಿಗೆ ಗಂಟು ಹಾಕಿದೆ. ಅಮ್ಮನ ಮಾತು ಇಡಿಯಾಗಿ ಕೂತಿತು. “ಪರೀಕ್ಷೆ ಮಾಡ್ದೆ ವಾರ್ಡಿಗೆ ಬಿಡೋಕಾಗಲ್ಲ. ಸೋಮವಾರ ನೋಡೋಣ,” ಎಂದರು. ತಪ್ಪೇನಿಲ್ಲ, ಅವಸರದಲ್ಲಿ ಒಬ್ಬರ ಔಷಧಿ ಇನ್ನೊಬ್ಬರ ಸಾಲಿಗೆ ಹೋದರೆ? ಆದರೆ ನೋವು ಸೋಮವಾರದವರೆಗೆ ಕಾಯುತ್ತದೆಯೇ?

ಇವತ್ತು ಬೆಳಗಿನ ಪಾಳಿಯ ನರ್ಸಮ್ಮನ ಕಿವಿಗೆ ಹಾಕಿದೆ. “ಬಾಯಲ್ಲಿ ಹೇಳಿದ್ದು ಪಾಳಿ ಬದಲಾದ್ರೆ ಮರ್ತುಹೋಗುತ್ತಮ್ಮ. ಒಂದು ಚೀಟಿ ಬರ್ಕೊಡಿ, ಮುಂದಿನವ್ರ ಕೈಗೇ ಕೊಡ್ತೀನಿ,” ಎಂದರು. ಚೀಟಿ ಬರೆಯಲು ಕೂತೆ. ಪದ್ಯ ಬರೆದು ಕೆಟ್ಟ ಕೈ, ಚೀಟಿಯಲ್ಲಿ ನಿಲ್ಲದೆ ಈ ಕಾಗದವಾಯಿತು.

ಎಚ್ಚರಾದಾಗ ಅವಳು ನಕ್ಕರೆ, ನೋಯುತ್ತಿದೆ ಎಂದೇ ತಿಳಿಯಿರಿ. ನಗು ಜೋರಾದಷ್ಟೂ ಬೇಗ ಡಾಕ್ಟರನ್ನು ಕರೆಯಿರಿ. ನೋವು ಇಳಿದ ಮೇಲೆ ಅವಳು ನಿಮ್ಮ ತೋಳು ಹಿಡಿದು ಹುಬ್ಬು ಗಂಟಿಕ್ಕುತ್ತಾಳೆ. ಸಿಟ್ಟೆಂದುಕೊಂಡು ಕೈ ಬಿಡಿಸಿಕೊಳ್ಳಬೇಡಿ. ಅವಳ ಸಂತೋಷ ಇರುವುದೇ ಹಾಗೆ. ಆಗ ನೀವು ನಗಿ. ಸ್ವಲ್ಪ ಕೇಳಿಸುವಂತೆ ನಗಿ. ಬಾಗಿಲಾಚೆ ಆ ಸದ್ದಿಗೇ ಕಾದು ನಿಂತಿರುತ್ತೇನೆ.

ನಿಮ್ಮ ಹೊಟ್ಟೆ ತಣ್ಣಗಿರಲಿ.

ಹನ್ನೊಂದನೆಯ ಹಾಸಿಗೆಯವಳ ಅಕ್ಕ