ಒಗ್ಗಟ್ಟಿಗೆ ಬಂದ ನೋಟಿಸು

ಐಸ್ ಕಾರ್ಖಾನೆಯ ಹಿಂದಿನ ಮನೆ
ಬುಧವಾರ, ಆರನೇ ತಾರೀಖು

ಪ್ರೀತಿಯ ತಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಹೊಸ ಊರಿನ ನೀರು ಒಗ್ಗಿತೇ? ಪಾಳಿಗೆ ಹೋಗುವಾಗ ಕಿವಿಗೆ ಬಟ್ಟೆ ಕಟ್ಟಿಕೋ, ಸಣ್ಣವನಿದ್ದಾಗಿನಿಂದ ನಿನಗೆ ಶೀತ ಹತ್ತುವುದೇ ಕಿವಿಯಿಂದ. ನಾನು ಚೆನ್ನಾಗಿದ್ದೇನೆ. ಅಪ್ಪ ಚೆನ್ನಾಗಿದ್ದೇನೆ ಎನ್ನುತ್ತಾರೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಕಾಗದ.

ಸರ್ಕಾರದವರು ಕೊಟ್ಟ ಮಾತುಗಳನ್ನು ಮೊದಲು ಹೇಳಿಬಿಡುತ್ತೇನೆ. ಬಿಳಿ ಲಾರಿ ಕಂಪನಿ ನಷ್ಟಕ್ಕೆ ಐಸ್ ಮಾರಿ ನಮ್ಮಂಥವರ ಬಾಗಿಲು ಹಾಕಿಸುತ್ತಿರುವುದನ್ನು ತನಿಖೆ ಮಾಡುತ್ತೇವೆ ಎಂದರು. ಸಣ್ಣ ಕಾರ್ಖಾನೆಗಳಿಗೆ ಕರೆಂಟಿನ ದರ ಇಳಿಸುತ್ತೇವೆ ಎಂದರು. ನಮ್ಮ ದೂರಿನ ತೀರ್ಪು ಬರುವ ತನಕ ಕಂಪನಿಯ ರೇಟಿಗೆ ತಡೆ ಹಾಕುತ್ತೇವೆ ಎಂದರು. ತನಿಖೆ ಇಲ್ಲ, ಕರೆಂಟು ಇಳಿದಿಲ್ಲ, ತಡೆಯೂ ಇಲ್ಲ. ಚುನಾವಣೆ ಮುಗಿಯುವವರೆಗೆ ದೊಡ್ಡ ಕಂಪನಿಯ ಮೇಲಿನ ದೂರನ್ನು ಮುಟ್ಟುವಂತಿಲ್ಲವಂತೆ. ನಮ್ಮನ್ನು ಮುಟ್ಟಬಹುದಂತೆ. ಅಪ್ಪನ ಹೆಸರಿಗೆ ನೋಟಿಸು ಬಂದಿದೆ.

ನಾಲ್ಕು ಕಾರ್ಖಾನೆಯವರು ನಮ್ಮ ಅಂಗಳದಲ್ಲಿ ಕೂತು, ಕರೆಂಟು ಕೂಲಿ ಕಳೆದರೆ ಏನೂ ಉಳಿಯದ ಒಂದು ದರ ಗೊತ್ತುಮಾಡಿ, ಅದಕ್ಕಿಂತ ಕೆಳಗೆ ಯಾರೂ ಮಾರಬಾರದೆಂದು ನಿರ್ಣಯ ಮಾಡಿದ್ದು ನಿನಗೆ ನೆನಪಿರಬೇಕು. ಬರೆದವನು ನೀನು, ಮೊದಲ ಸಹಿ ಸಂಘದ ಅಧ್ಯಕ್ಷರಾದ ಅಪ್ಪನದು. ಗುಟ್ಟಾಗಿಡೋಣ ಎಂದವರಿಗೆ ಅಪ್ಪ, ನಾವೇನು ಕಳ್ಳಮಾಲು ಮಾರ್ತಿದೀವಾ ಎಂದು ಗದರಿ ಗೇಟಿಗೆ ಅಂಟಿಸಿದರು. ಕಂಪನಿಯ ಮೇಲೆ ದೂರು ಕೊಡುವಾಗಲೂ, ನಮ್ಮ ಒಗ್ಗಟ್ಟು ನೋಡಲಿ ಎಂದು ಹೆಮ್ಮೆಯಿಂದ ಅದರ ಪ್ರತಿ ಲಗತ್ತಿಸಿದರು. ಕಂಪನಿಯ ವಕೀಲರು ಅದನ್ನೇ ಎತ್ತಿ ಹಿಡಿದು ಎದುರು ದೂರು ಕೊಟ್ಟರು. ವ್ಯಾಪಾರದ ಸ್ಪರ್ಧೆ ಕಾಯುವ ಇಲಾಖೆಯ ಅಧಿಕಾರಿ ಒಳ್ಳೆಯ ಹುಡುಗಿ, ಪಾಪ. ಕುರ್ಚಿ ಕೊಟ್ಟು ತಿಳಿಸಿ ಹೇಳಿದಳು: ಒಂದೇ ವ್ಯಾಪಾರದವರು ಕೂಡಿ ದರ ಕಟ್ಟಿದರೆ ಅದು ಗ್ರಾಹಕನಿಗೆ ಮೋಸ, ದಂಡ ಬೀಳುತ್ತದೆ, ಒಬ್ಬನೇ ನಷ್ಟಕ್ಕೆ ಮಾರಿದರೆ ಅದು ತಪ್ಪೆಂದು ಸಾಬೀತು ಮಾಡಲು ವರ್ಷಗಳು ಬೇಕು. ಅಪ್ಪ ಕೇಳಿದರು: "ಹಾಗಾದ್ರೆ ನಾವು ನಾಲ್ಕು ಜನ ಒಬ್ಬೊಬ್ಬರಾಗೇ ಸಾಯಬೇಕಾ, ತಾಯಿ?" ಅವಳು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.

ಟಿವಿಯಲ್ಲಿ ದಿನಾ ಚರ್ಚೆ. ಸ್ಪರ್ಧೆಯಲ್ಲಿ ಸಣ್ಣವರು ಸೋತರೆ ಜನರಿಗೆ ಅಗ್ಗವಾಗುತ್ತದೆ ಎಂದು ಒಬ್ಬ, ಸಣ್ಣವರೇ ದೇಶದ ಬೆನ್ನೆಲುಬು ಎಂದು ಇನ್ನೊಬ್ಬ. ಬಂದರಿನ ಆಚೆ ದಡದಲ್ಲಿ ಎರಡು ಕಾರ್ಖಾನೆ ಮುಚ್ಚಿದ ವಾರವೇ ಬಿಳಿ ಲಾರಿಯವರು ದರ ಇಮ್ಮಡಿ ಮಾಡಿದರು. ಅದು ಇಬ್ಬರ ಬಾಯಲ್ಲೂ ಇಲ್ಲ. ಬೆನ್ನೆಲುಬಿನವನು ಮೊನ್ನೆ ನಮ್ಮಲ್ಲಿಗೆ ವೋಟು ಕೇಳಲು ಬಂದು, ಐಸ್ ಗಡ್ಡೆ ಹಿಡಿದು ಫೋಟೋ ತೆಗೆಸಿಕೊಂಡು, ಕೈ ಮರಗಟ್ಟಿತೆಂದು ಕರ್ಚೀಫು ಕೇಳಿದ. ಮೀನು ಮಾರುವ ಬುಟ್ಟಿ ಅತ್ತೆ ಬಿಡಬೇಕಲ್ಲ: "ಕೈಯಲ್ಲಿ ಹಿಡಿಯಕ್ಕೇ ಆಗ್ದೋನು, ಇನ್ನು ನಮ್ಮ ಭಾರ ಹೊರ್ತಾನಾ?" ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ದಂಡ ಬಿದ್ದರೆ ಕಾರ್ಖಾನೆ ನಮ್ಮದಾಗಿ ಉಳಿಯುವುದಿಲ್ಲ. ಈಗಲೇ ಒಂದು ಕಂಪ್ರೆಸರ್ ಮಾತ್ರ ಓಡುತ್ತಿದೆ. ಅದರ ಸದ್ದು ನಿಂತಂತಾದರೆ ಅಪ್ಪ ನಿದ್ದೆಯಲ್ಲೇ ಎದ್ದು ಕೂರುತ್ತಾರೆ.

ನೀನು ಆ ಬಿಳಿ ಲಾರಿ ಕಂಪನಿಯಲ್ಲೇ ಕೆಲಸಕ್ಕೆ ಸೇರಿದ್ದಕ್ಕೆ ಅವರು ಒಂದು ಮಾತೂ ಬೈದಿಲ್ಲ. ಮಷೀನು ಬಲ್ಲವನು ಮಷೀನು ಇರುವ ಕಡೆ ಹೋಗುತ್ತಾನೆ ಎಂದರು, ಅಷ್ಟೇ.

ಅಪ್ಪನ ಆಶೀರ್ವಾದ. ನನ್ನದನ್ನೂ ಅದರ ಜೊತೆಗೇ ಸೇರಿಸಿಕೋ.

ನಿನ್ನ ಅಕ್ಕ

ತಾ.ಕ.: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೋಟಿಸಿನ ಜೊತೆ ಕಂಪನಿ ಕಡೆಯ ಸಾಕ್ಷಿಗಳ ಹೆಸರಿನ ಪಟ್ಟಿ ಬಂದಿದೆ. ಅದರಲ್ಲಿ ನೀನಿದ್ದೀಯ. ಅಪ್ಪನ ಕಣ್ಣಿಗೆ ಈಗ ಅಕ್ಷರ ಹತ್ತುವುದಿಲ್ಲ. ವಿಚಾರಣೆಗೆ ನಿನ್ನನ್ನೂ ಕರೆದಿದ್ದಾರೆ ಎಂದಷ್ಟೇ ಓದಿ ಹೇಳಿದೆ. ಅಂದಿನಿಂದ ಕೂತರೂ ಎದ್ದರೂ ಒಂದೇ ಮಾತು, "ಅವ್ನು ಬಂದು ನನ್ನ ಪಕ್ಕ ನಿಂತ್ರೆ ಸಾಕು." ಸುಳ್ಳು ಹೇಳು ಎನ್ನುತ್ತಿಲ್ಲ. ಆ ನಿರ್ಣಯ ಬರೆದದ್ದು ನಾನೇ ಎನ್ನು. ಯಾಕೆ ಬರೆದೆ ಎಂಬುದನ್ನೂ ಅಲ್ಲೇ ಹೇಳು. ಅದಕ್ಕೆ ಬಾಯಿ ಬರದಿದ್ದರೆ ಮೊದಲೇ ನನಗೊಂದು ಮಾತು ತಿಳಿಸು. ಅಪ್ಪನಿಗೆ ಮನೆಯಲ್ಲೇ ನಾನು ಹೇಳುತ್ತೇನೆ, ಎಲ್ಲರೆದುರು ಗೊತ್ತಾಗುವುದು ಬೇಡ. ವಿಚಾರಣೆ ಹದಿನೆಂಟನೇ ತಾರೀಖು, ಸೋಮವಾರ, ಬೆಳಗ್ಗೆ ಹತ್ತೂವರೆಗೆ.