ಕಣ್ಣು ಮುಚ್ಚಿದವರ ಕಾಲಂ

ಗುಳೇದಗುಡ್ಡ,
ಫೆಬ್ರವರಿ 30, 2194

ನಮಗಿಂತ ಮೊದಲು ಬಂದು ಹೋದ ನಿಮಗೆ ಈರಸಂಗಪ್ಪ ಹುಲ್ಲಣ್ಣವರನ ನಮಸ್ಕಾರ.

ತಾರೀಖು ತಪ್ಪಿಲ್ಲ. ಪಂಚಾಂಗ ತಿದ್ದಿ ನಲವತ್ತು ವರ್ಷವಾಯಿತು. ಜುಲೈ ಆಗಸ್ಟುಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಅವುಗಳಲ್ಲಿ ಅರ್ಧ ನಿಮ್ಮವೇ, ನಾವು ಬಳಸಿ ಬಳಸಿ ಸವೆಸಿದ್ದೇವೆ. ‘ಧಕ್ಕೆ’ಯನ್ನೇ ನೋಡಿ. ಭಾವನೆಗೆ ಧಕ್ಕೆಯಾಯಿತು ಎಂದು ನಿಮ್ಮ ಪತ್ರಿಕೆಗಳು ಬರೆಯುತ್ತಿದ್ದವಂತೆ, ಎಷ್ಟಾಯಿತು ಎಂದು ಮಾತ್ರ ಹೇಳುತ್ತಿರಲಿಲ್ಲ. ನಮ್ಮಲ್ಲಿ ಅದೊಂದು ಅಳತೆ. ಹಾಲಿಗೆ ಲೀಟರ್, ಬಟ್ಟೆಗೆ ಮೀಟರ್, ಮನಸ್ಸಿಗೆ ಧಕ್ಕೆ. ಹನ್ನೆರಡು ಧಕ್ಕೆ ದಾಟಿದರೆ ದೂರು ಕೊಡಬಹುದು. ಹನ್ನೊಂದೇ ಆಗಿದ್ದರೆ ಮನೆಗೆ ಹೋಗಿ ಮಲಗಬೇಕು. ಅಳೆಯುವವರು ಜಿಲ್ಲಾ ಭಾವನಾ ಕಚೇರಿಯವರು.

ನಾನು ಇಲ್ಲಿನ ಚಿತ್ರಮಂದಿರ ನಡೆಸುತ್ತೇನೆ. ಇದೇ ಗೇಟಿನ ಮುಂದೆ ಚುರುಮುರಿ ಮಾರಿ, ಬಾಯಿಯ ಬಲದಿಂದಲೇ ಒಳಗೆ ಬಂದವನು. ನಮ್ಮ ಬೇಸಿಗೆ ಒಂಬತ್ತು ತಿಂಗಳಿನದು, ಹಾಗಾಗಿ ಮೊದಲ ಆಟ ಬೆಳಗಿನ ಐದಕ್ಕೆ. ಜನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಗಿರಮಿಟ್ ಡಬ್ಬಿ ಹಿಡಿದು ಬರುತ್ತಾರೆ. ದೇವರ ಚಿತ್ರವಾದರೆ ಚಪ್ಪಲಿಯನ್ನು ಹೊರಗೇ ಬಿಡುತ್ತಾರೆ. ಒಳಗೆ ಕುಳಿತ ಮೇಲೆ ‘ಕಡಿ, ಕಡಿ’ ಎಂದು ಕೂಗುತ್ತಾರೆ. ಕಾಲಿಗಿರುವ ಮಡಿ ಬಾಯಿಗಿಲ್ಲ.

ಕಳೆದ ನವೆಂಬರಿನಲ್ಲಿ ಬಂದ ಚಿತ್ರದ ಕಥೆ ಇಷ್ಟೇ. ದಂಡಿನವರು ಒಂದು ಮಠಕ್ಕೆ ನುಗ್ಗಿ ವೃದ್ಧ ಸ್ವಾಮಿಯನ್ನು ಹಿಂಸಿಸಿ ಕೊಲ್ಲುತ್ತಾರೆ. ಶಿಷ್ಯನೊಬ್ಬ ಕೊಡಲಿ ಹಿಡಿದು ದಂಡನ್ನೆಲ್ಲ ಕಡಿದು ಹಾಕುತ್ತಾನೆ. ನಾನು ಗಡಿಯಾರ ಹಿಡಿದು ಲೆಕ್ಕ ಹಾಕಿದೆ. ಸ್ವಾಮಿಯ ಸಾವಿಗೆ ಇಪ್ಪತ್ತೆರಡು ನಿಮಿಷ, ಸೇಡಿಗೆ ನಲವತ್ತೊಂದು. ಸ್ವಾಮಿ ದಯೆಯ ಬಗ್ಗೆ ಆಡಿದ ಮಾತಿಗೆ ಒಂದೂವರೆ ನಿಮಿಷ, ಅದೂ ಜನ ಚಹಾಕ್ಕೆ ಎದ್ದ ಹೊತ್ತಿನಲ್ಲಿ. ಇದನ್ನು ಧರ್ಮದ ಚಿತ್ರವೆಂದು ಕರೆದರು.

ಊರು ಎರಡಾಯಿತು. ಚಿತ್ರ ಮೆಚ್ಚಿದವರಿಗೆ ನಾವು ಜೈಯವರು ಎನ್ನುತ್ತೇವೆ, ಹೇಸಿದವರಿಗೆ ಛೀಯವರು. ಜೈಯವರು ಸ್ವಾಮಿ ಬಿದ್ದಾಗ ಅತ್ತು, ಸಿಪಾಯಿಗಳು ಬಿದ್ದಾಗ ಸಿಳ್ಳೆ ಹೊಡೆದರು. ಛೀಯವರು ಸ್ವಾಮಿ ಬಿದ್ದಾಗ ‘ಇದೆಲ್ಲ ನಾಟಕ’ ಎಂದು ಗೊಣಗಿ, ಸಿಪಾಯಿಗಳು ಬಿದ್ದಾಗ ಎದ್ದು ಹೋದರು. ಎರಡೂ ಬಣದವರು ಅರ್ಧ ಚಿತ್ರಕ್ಕೆ ಮಾತ್ರ ಮನುಷ್ಯರಾಗಿದ್ದರು ಎಂಬುದು ನನ್ನ ಲೆಕ್ಕ. ಹೇಳಿದರೆ ಇಬ್ಬರೂ ಹೊಡೆಯಲು ಬರುತ್ತಾರೆ.

ಪ್ರತಿ ಆಟ ಮುಗಿದ ಮೇಲೆ ನಾವು ಭಾವನಾ ಕಚೇರಿಗೆ ಭಾವಪಟ್ಟಿ ಕಳಿಸಬೇಕು. ಪರದೆಯ ಪಕ್ಕದ ಕಿಂಡಿಯಿಂದ ಮುಖಗಳನ್ನು ನೋಡಿ ಹೆಸರು ಬರೆಯುವುದು ನನ್ನ ಕೆಲಸ. ಅದರಲ್ಲಿ ಮೂರು ಕಾಲಂ: ಅತ್ತವರು, ಸಿಳ್ಳೆ ಹೊಡೆದವರು, ಎದ್ದು ಹೋದವರು. ಆ ಚಿತ್ರದ ಮೊದಲ ದಿನ ಮೂವತ್ತೇಳು ಜನ ಈ ಮೂರರಲ್ಲಿ ಎಲ್ಲಿಯೂ ಹಿಡಿಯಲಿಲ್ಲ. ಕೊಲೆಯ ದೃಶ್ಯ ಬಂದಾಗ ಅವರು ಸುಮ್ಮನೆ ಕಣ್ಣು ಮುಚ್ಚಿ ಕುಳಿತಿದ್ದರು. ಪಟ್ಟಿ ಸರಿಯಿರಬೇಕೆಂಬ ಹಟ ನನ್ನದು. ಗೆರೆ ಎಳೆದು ನಾಲ್ಕನೆಯ ಕಾಲಂ ಮಾಡಿ, ತಲೆಯ ಮೇಲೆ ‘ಕಣ್ಣು ಮುಚ್ಚಿದವರು’ ಎಂದು ಬರೆದು, ಮೂವತ್ತೇಳು ಹೆಸರು ತುಂಬಿಸಿದೆ.

ನೀವು ಕನ್ನಡದವರು, ಆಗಲೇ ಹಣೆ ಚಚ್ಚಿಕೊಂಡಿರುತ್ತೀರಿ. ಕಚೇರಿಯ ಓದುಯಂತ್ರಕ್ಕೂ ಕನ್ನಡ ಚೆನ್ನಾಗಿ ಬರುತ್ತದೆ. ಮೂವತ್ತೇಳು ಜನರನ್ನು ಅದು ಮರಣ ವಿಭಾಗಕ್ಕೆ ಕಳಿಸಿತು. ಮರುದಿನ ಅವರ ಮನೆಗಳಿಗೆ ಸಂತಾಪಪತ್ರ ಬಂತು. ಅಂಗೈ ಒತ್ತಿದರೆ ನೀರು ಬಿಡುವ ನಲ್ಲಿಗಳು ಅವರಿಗೆ ನೀರು ಬಿಡಲಿಲ್ಲ.

ಅವರಲ್ಲಿ ಒಬ್ಬಳು ಬಾಳವ್ವ. ಇಪ್ಪತ್ತಾರು ವರ್ಷ ನನ್ನ ಮಂದಿರದ ಹೆಣ್ಣುಮಕ್ಕಳ ಬಾಗಿಲಲ್ಲಿ ಟಿಕೆಟ್ ಹರಿದವಳು. ಎಡಗಣ್ಣು ಹೋಗಿದೆ, ಬಲಗಣ್ಣಿಗೆ ಪೊರೆ ಬಂದಿದೆ. ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. ಸತ್ತವರ ಕಣ್ಣಿನ ಪೊರೆ ತೆಗೆಯುವ ಪದ್ಧತಿ ಇಲ್ಲವೆಂದು ಆಸ್ಪತ್ರೆಯವರು ವಾಪಸು ಕಳಿಸಿದರು. ನಾನು ಮುಖ ತಗ್ಗಿಸಿ ಅವಳ ಮನೆಗೆ ಹೋದೆ.

“ಹೆಸರಾಗರ ಬಾಳು ಐತಲ್ಲೋ ಈರಸಂಗಾ, ಅಷ್ಟಾದರೂ ನೋಡಬಾರದ?” ಎಂದಳು. ನಕ್ಕಳು ಕೂಡ. ನನಗೆ ನಗು ಬರಲಿಲ್ಲ.

ಕಚೇರಿ ತನ್ನ ತಪ್ಪನ್ನು ಒಪ್ಪಲಿಲ್ಲ, ಪರಿಹಾರ ಮಾತ್ರ ಕೊಟ್ಟಿತು. ಪುನರ್ಜೀವ ನಮೂನೆ ಎಂಬ ಒಂದು ಹಾಳೆ. ಅದರಲ್ಲಿ ಒಂದೇ ಪ್ರಶ್ನೆ: ಯಾವ ದೃಶ್ಯಕ್ಕೆ ಕಣ್ಣು ಮುಚ್ಚಿದಿರಿ? ಉತ್ತರ ತುಂಬಲು ಚೌಕದ ಒಂದೇ ಮನೆ. ಸ್ವಾಮಿಯ ಸಾವು ಎಂದರೆ ಜೈ ಲೆಕ್ಕಕ್ಕೆ, ಸಿಪಾಯಿಗಳ ಸಾವು ಎಂದರೆ ಛೀ ಲೆಕ್ಕಕ್ಕೆ. ಬರೆದ ಕೂಡಲೇ ಜೀವ ವಾಪಸು.

ಸುದ್ದಿ ತಿಳಿದ ಎರಡೂ ಬಣದವರು ಬಾಳವ್ವನ ಕಟ್ಟೆಗೆ ಬಂದರು. ಅವಳು ಮೊರದಲ್ಲಿ ಜೋಳ ಕೇರುತ್ತಿದ್ದಳು.

“ಸ್ವಾಮಿಗೋಳ ಸಂಕಟ ನೋಡಲಾರದ ಮುಚ್ಚ್ಯಾಳ. ನಮ್ಮಕಿ,” ಎಂದರು ಜೈಯವರು.

“ಆ ಕೊಡಲಿ ನೋಡಿ ಹೇಸಿ ಮುಚ್ಚ್ಯಾಳ. ನಮ್ಮಕಿ,” ಎಂದರು ಛೀಯವರು.

“ಸತ್ತಾಕಿಗಿ ಭಾರಿ ಬೀಗರು ಬಂದ್ರ ನೋಡ್ರಿ,” ಎಂದಳು ಬಾಳವ್ವ, ಮೊರ ಕೆಳಗಿಡದೆ.

ನಾನು ಕೈ ಮುಗಿದೆ. “ಯಕ್ಕಾ, ಯಾವುದರ ಒಂದು ಬರಿ. ನಿನ್ನ ಕಣ್ಣು ಹೋಗ್ತೈತಿ.”

“ಹ್ಯಾಂಗ ಬರೀಲಿ? ಸ್ವಾಮಿಗೋಳು ಬೀಳೂ ಮುಂದ ‘ಯವ್ವಾ’ ಅಂದ್ರು, ಮುಚ್ಚಿದೆ. ಆ ಸಿಪಾಯಿ ಬೀಳೂ ಮುಂದ ಅವನೂ ‘ಯವ್ವಾ’ ಅಂದ, ಮತ್ತ ಮುಚ್ಚಿದೆ. ಇಬ್ಬರೂ ಕರದದ್ದು ಒಂದ ಮಾತು. ಒಬ್ಬಂವಗ ‘ಓ’ ಅಂದು ಇನ್ನೊಬ್ಬಂವಗ ಸುಮ್ಮ ಕುಂದ್ರಲೇನು?”

ಜೈಯವರು ಉಗುಳಿ ಹೋದರು. ಛೀಯವರು, ಸ್ವಾಮಿಗಾಗಿ ಮುಚ್ಚಿದೆನೆಂಬ ಮಾತೊಂದನ್ನು ಕೈಬಿಟ್ಟರೆ ಅವಳನ್ನು ತಮ್ಮ ಮೆರವಣಿಗೆಯ ಮುಂದೆ ನಡೆಸುತ್ತೇವೆಂದರು. ಅವಳು ಜೋಳದ ಹೊಟ್ಟನ್ನು ಅವರ ಕಡೆಗೆ ತೂರಿದಳು.

ನಾನು ಕಚೇರಿಗೆ ಹೋಗಿ ಅವಳ ನಮೂನೆಯಲ್ಲಿ ಎರಡನ್ನೂ ಬರೆದುಕೊಟ್ಟೆ. ಯಂತ್ರ ಹೊರಗೆ ಉಗುಳಿತು. ಮಲಕಾಜಿ ಎಂಬ ಅಧಿಕಾರಿ ನನ್ನನ್ನು ಕೂರಿಸಿ ನೀರು ಕೊಟ್ಟು ಹೇಳಿದರು: “ಹುಲ್ಲಣ್ಣವರ, ಉಳದ ಮೂವತ್ತಾರು ಮಂದಿ ಬರದಾರ್ರಿ. ಇಪ್ಪತ್ತೆರಡು ಸ್ವಾಮಿ, ಹದಿನಾಲ್ಕು ಸಿಪಾಯಿ. ಒಬ್ಬಾಕಿ ಸಲುವಾಗಿ ನಮೂನಿ ತಿದ್ದಾಕ ಬರೂದಿಲ್ರಿ.”

ಆ ಮೂವತ್ತಾರು ಮಂದಿಯ ಮುಖ ಕಂಡವನು ನಾನು. ಅವರಲ್ಲಿ ಹತ್ತೊಂಬತ್ತು ಮಂದಿ ಎರಡು ಸಲವೂ ಕಣ್ಣು ಮುಚ್ಚಿದ್ದರು. ನೀರು ಬೇಕು, ಔಷಧಿ ಬೇಕು, ಮಗಳ ಮದುವೆಗೆ ಸಹಿ ಬೇಕು. ಅರ್ಧ ಕರುಣೆಯನ್ನು ಅಳಿಸಿ ಉಳಿದರ್ಧವನ್ನು ಬರೆದುಕೊಟ್ಟು ಬದುಕಿ ಬಂದರು. ಅವರನ್ನು ಬೈಯಲಾರೆ. ಬರೆದ ವಾರದೊಳಗೆ ಅದನ್ನೇ ನಿಜವೆಂದು ನಂಬಿ ಪಕ್ಕದ ಮನೆಯವರ ಮೇಲೆ ಕಲ್ಲು ಎಸೆಯುತ್ತಾರಲ್ಲ, ಅದಕ್ಕೆ ಏನು ಹೇಳಲಿ?

ಈಗ ನಿಮ್ಮ ಸರದಿ. ಇದೆಲ್ಲ ಯಂತ್ರದ ತಪ್ಪೆಂದು ನೀವು ನಿಟ್ಟುಸಿರು ಬಿಡಬೇಡಿ. ಚಿತ್ರಮಂದಿರದ ಬಾಗಿಲಲ್ಲಿ ಮೊಬೈಲ್ ಹಿಡಿದು, ಹೊರಬಂದವರ ಮುಖಕ್ಕೆ ಒಡ್ಡಿ ‘ಹೆಂಗಿತ್ತು ಸಾರ್?’ ಎಂದು ಕೇಳಿದವರು ನೀವು. ಅತ್ತವರ ಮುಖ ನಿಮಗೆ ಬೇಕಿತ್ತು, ಕೆರಳಿದವರ ಮುಖ ಬೇಕಿತ್ತು. ತಲೆ ತಗ್ಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದವರನ್ನು ಬಿಟ್ಟಿರಿ, ಅವರಿಂದ ನಿಮಗೆ ನೋಡುಗರು ಸಿಗುತ್ತಿರಲಿಲ್ಲ. ಅಳದವನು ದ್ರೋಹಿ ಎಂದು ಒಬ್ಬರು, ಅತ್ತವನು ಮೂರ್ಖ ಎಂದು ಇನ್ನೊಬ್ಬರು ಬರೆದಿರಿ. ನಮ್ಮ ಕಚೇರಿ ಅದಕ್ಕೆ ಗೆರೆ ಎಳೆದು ಅಚ್ಚು ಹಾಕಿತು, ಅಷ್ಟೇ.

ಮೊನ್ನೆ ಅದೇ ಚಿತ್ರವನ್ನು ಮತ್ತೆ ಹಾಕಿದೆ. ಕಿಂಡಿ ಬಿಟ್ಟು ಜನರ ನಡುವೆ ಕುಳಿತೆ. ಎರಡು ಸಲ ‘ಯವ್ವಾ’ ಕೇಳಿಸಿತು, ಎರಡು ಸಲವೂ ಕಣ್ಣು ಮುಚ್ಚಿದೆ. ಬೇಕೆಂದು ಮುಚ್ಚಲು ಹೋದವನು ನಾನು; ಎರಡನೆಯ ಸಲ ತಾನಾಗಿಯೇ ಮುಚ್ಚಿತು. ಆಟ ಮುಗಿದ ಮೇಲೆ ನಾಲ್ಕನೆಯ ಕಾಲಂ ಎಳೆದು ನನ್ನ ಹೆಸರನ್ನೇ ಬರೆದು ಕಳಿಸಿದೆ. ನಿನ್ನೆ ಸಂತಾಪಪತ್ರ ಬಂದಿದೆ. ನಲ್ಲಿ ನನ್ನ ಅಂಗೈಯನ್ನು ಗುರುತಿಸುವುದಿಲ್ಲ, ಮಂದಿರಕ್ಕೆ ಬೀಗ ಬೀಳಲಿದೆ. ಆದರೆ ಮಲಕಾಜಿಯವರು ಇನ್ನು ಒಬ್ಬಾಕಿ ಎನ್ನುವಂತಿಲ್ಲ. ಇಬ್ಬರಾದೆವು.

ಇಬ್ಬರೇ ಸಾಲದು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಆ ನಮೂನೆ ಇನ್ನೂ ಅಚ್ಚಾಗಿಲ್ಲ. ಯಾರಿಗಾಗಿ ಮನಸ್ಸು ಕಲಕಿತು ಎಂದು ಯಾರಾದರೂ ಬಾಗಿಲಲ್ಲಿ ತಡೆದು ಕೇಳಿದರೆ, ಇಬ್ಬರಿಗೂ ಎಂದು ಗಟ್ಟಿಯಾಗಿ ಹೇಳಿ. ಬೈಸಿಕೊಳ್ಳಿ, ಮತ್ತೆ ಹೇಳಿ. ಸಾಕಷ್ಟು ಜನ ಹೇಳಿದರೆ ಅಚ್ಚು ಹಾಕುವವನು ಇನ್ನೊಂದು ಮನೆ ಬಿಡಲೇಬೇಕಾಗುತ್ತದೆ.

ಬಾಳವ್ವನ ಬಲಗಣ್ಣಿಗೆ ಇನ್ನು ಎರಡು ತಿಂಗಳ ಬೆಳಕಿದೆ ಎಂದಿದ್ದಾರೆ ವೈದ್ಯರು. ಬೇಗ ಶುರು ಮಾಡಿ.