ಮುಟ್ಟಬಾರದ ಎಡಗಾಲು

ಅಣ್ಣಾ,

ಸುಖವಾಗಿ ತಲುಪಿದೆ, ವ್ಯಾಯಾಮ ಶಿಕ್ಷಕರ ತರಬೇತಿ ಶುರುವಾಗಿದೆ. ಇಲ್ಲಿ ಗಟ್ಟಿಮುಟ್ಟಾದವರೆಲ್ಲ ಮೀನಖಂಡದ ಕೆಳಗೆ ದಿಂಡಿನಂಥ ಫೋಮ್ ರೋಲರ್ ಇಟ್ಟು, ಹಿಟ್ಟು ಲಟ್ಟಿಸಿದ ಹಾಗೆ ಕಾಲು ಉರುಳಿಸುತ್ತಾರೆ, ಪಾದದ ಕೀಲು ಸಲೀಸಾಗಿ ಬಾಗಲೆಂದು. ನನ್ನ ಬಲಗಾಲಿಗೆ ಮಾತ್ರ ಆ ಉಪಚಾರ.

“ಎಡಗಾಲು ಮುಟ್ಬೇಡಿ, ಅದು ಹೋಲಿಸಿ ನೋಡೋಕೆ ಅಷ್ಟೇ,” ಅಂದರು ಈ ಪ್ರಯೋಗ ನಡೆಸುವ ಮೇಡಂ.

ಅಪ್ಪ ನಮ್ಮಿಬ್ಬರನ್ನು ಬೆಳೆಸಿದ್ದೂ ಹೀಗೇ ಅಲ್ಲವೇ?

ಇವತ್ತು ಅಳೆದರು. ಗೋಡೆಯಿಂದ ಅರ್ಧ ಗೇಣು ದೂರ ಪಾದ ಊರಿ ಬಾಗಿದಾಗ, ಹಿಮ್ಮಡಿ ಎತ್ತದೆ ಬಲಮಂಡಿ ಗೋಡೆ ಮುಟ್ಟಿತು, ಎಡದ್ದು ಮುಟ್ಟಲಿಲ್ಲ.

ನಾನು ಗುಂಡುಕಲ್ಲಿನ ಹಾಗಿದ್ದೇನೆ. ಇಲ್ಲದಿದ್ದರೆ ಇವರು ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ.

ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳಲು ಎಲ್ಲ ಬಿಟ್ಟು ಬಾ ಎಂದು ಬರೆದಿದ್ದೀಯ. ತರಗತಿಗೆ ಹೊತ್ತಾಯಿತು, ಒಂದೇ ಮಾತು: ಉಪಚಾರ ಮಾಡಿಸಿಕೊಂಡ ಕಾಲು ನೀನು. ಮೊದಲು ನೀನು ಬಾಗು.

ತಂಗಿ